ಮುಚ್ಚಿದ ನಾಲ್ಕು

ಸೋಲುವುದೂ ಒಂದು ಕಸುಬು. ಗೆಲ್ಲಲು ಕೂತವನಿಗಿಂತ ಸೋಲಲು ಕೂತವನ ಕಣ್ಣು ಚುರುಕಾಗಿರಬೇಕು. ಬೇಕೆಂದೇ ಸೋತದ್ದು ಗೊತ್ತಾದರೆ ಗೆದ್ದವನಿಗೆ ಅವಮಾನ, ಸೋತವನ ಅನ್ನಕ್ಕೆ ಕಲ್ಲು. ಒಸಾಕಾದ ಫುಸೆ ಸ್ಟೇಷನ್ನಿನ ಎದುರಿಗೆ, ನಾಲ್ವರು ಬಿಲ್ಲೆಗಳಿಂದ ಆಡುವ ಮಾಜಾಂಗ್ ಆಟದ ಮನೆಯ ಮಹಡಿಯಲ್ಲಿ, ಭಾನುವಾರ ಮಧ್ಯಾಹ್ನ, ತೊಕುಜಿ ಆ ಕಸುಬಿಗೆ ಕೂತಿದ್ದ.

ಅವನು ತಗಡನ್ನು ಒತ್ತಿ ಬಿಡಿಭಾಗ ಮಾಡುವ ಇನೊಕುಮಾ ಪ್ರೆಸ್ ಕಾರ್ಖಾನೆಯ ಮೇಸ್ತ್ರಿ. ಎಡಗಡೆ ಯಜಮಾನ ಇನೊಕುಮಾ. ಎದುರಿಗೆ ದೊಡ್ಡ ಕಂಪನಿಯ ಖರೀದಿ ವಿಭಾಗದ ಹಾಮುರೊ ಸಾಹೇಬರು, ಬಲಗಡೆ ಅವರ ಕೈಕೆಳಗಿನ ನಿಶಿವಾಕಿ. ಬಿಯರು ತರಿಸಿದ್ದು ಯಜಮಾನ. ಕೆಳಗಿನ ಅಂಗಡಿಯಿಂದ ಉದೋನ್ ಶಾವಿಗೆಯ ಸಾರು ತರಿಸಿದ್ದೂ ಯಜಮಾನ. ಸಾಹೇಬರು ಚಾಪ್‌ಸ್ಟಿಕ್ ಇಟ್ಟ ಮೇಲೆಯೇ ತಾನು ಬಟ್ಟಲು ಮುಟ್ಟಿದವನೂ ಅವನೇ.

ಈ ಉಪಚಾರವೆಲ್ಲ ಒಂದು ಮಾತಿಗಾಗಿ. ಸರಕು ಕೊಡುವ ಗಡುವನ್ನು ಸಾಹೇಬರು ಮೊದಲಿನಂತೆ ಸಡಿಲ ಬಿಡಬೇಕು. ಬೇಸಿಗೆಯಲ್ಲಿ ಕಂಪನಿ ಆ ಗಡುವನ್ನು ಅರ್ಧಕ್ಕೆ ಇಳಿಸಿತ್ತು. ಪ್ರೆಸ್ಸಿನ ಮುಂದೆ ಕಬ್ಬಿಣದ ಜಾಲರಿ ಇದ್ದರೆ ತಗಡನ್ನು ಇಕ್ಕಳದಲ್ಲಿ ಹಿಡಿದು ಒಳಗಿಡಬೇಕು, ಅದು ನಿಧಾನದ ಕೆಲಸ. ಜಾಲರಿ ಬಿಚ್ಚಿದರೆ ಕೈಯಲ್ಲೇ ಇಟ್ಟು ಕೈಯಲ್ಲೇ ತೆಗೆಯಬಹುದು, ಗಡುವು ಮುಟ್ಟಬಹುದು. ಬಿಚ್ಚಿದರು. ಬಿಚ್ಚಿದ ಸ್ಪ್ಯಾನರು ತೊಕುಜಿಯ ಕೈಯಲ್ಲೇ ಇತ್ತು. ಹೋದ ತಿಂಗಳು ಒಂದನೇ ಪ್ರೆಸ್ಸು ಸುಮಿಯೆ ಎಂಬ ಹುಡುಗಿಯ ಬಲಗೈಯ ನಾಲ್ಕು ಬೆರಳುಗಳನ್ನು ತಿಂದಿತು. ಮನೆಯ ಬಾಗಿಲಿಗೆ ಸಿಕ್ಕಿತು ಎಂದು ಆಸ್ಪತ್ರೆಯಲ್ಲಿ ಅವಳ ಬಾಯಿಂದಲೇ ಹೇಳಿಸಿದರು. ಬೆರಳು ಕಳೆದುಕೊಂಡವಳು ಸುಳ್ಳನ್ನೂ ತಾನೇ ಹೇಳಬೇಕು, ಬಡವರ ಗಾಯಕ್ಕೆ ಈ ಲೋಕ ಕಟ್ಟುವ ಪಟ್ಟಿ ಅದೇ.

ನಾಳೆಯಿಂದ ಆ ಸ್ಟೂಲಿನ ಮೇಲೆ ಕೂರುವವಳು ತಮಿಯೊ. ತೊಕುಜಿಯ ಹೆಂಡತಿ. ಬೇರೆ ಯಾರೂ ಆ ಪ್ರೆಸ್ಸಿಗೆ ಕೂರಲು ಒಪ್ಪಲಿಲ್ಲ. ಗಡುವು ಸಡಿಲವಾದರೆ ಮಾತ್ರ ಜಾಲರಿ ವಾಪಸ್ಸು ಎಂದು ಯಜಮಾನ ಖಡಾಖಂಡಿತವಾಗಿ ಹೇಳಿದ್ದ. ಬೆಳಿಗ್ಗೆ ತಮಿಯೊ ಗಂಡನ ಅಂಗಿಯ ಗುಂಡಿ ಹಾಕುತ್ತಾ, ಚೆನ್ನಾಗಿ ಸೋತು ಬನ್ನಿ ಎಂದು ನಕ್ಕಿದ್ದಳು. ಆ ಬೆರಳುಗಳನ್ನು ಅವನು ನೋಡಲಾರದೆ ಗೋಡೆ ನೋಡಿದ್ದ.

ಸಾಹೇಬರಿಗೆ ಒಂದು ಹಂಬಲವಿತ್ತು. ಇಪ್ಪತ್ತು ವರ್ಷ ಆಡಿದ್ದರೂ ಅವರಿಗೆ ಒಮ್ಮೆಯೂ ಕೊಕುಶಿ ಕೂಡಿಬಂದಿರಲಿಲ್ಲ. ಕೊಕುಶಿ ಎಂದರೆ ಒಂದಕ್ಕೊಂದು ನಂಟಿಲ್ಲದ ಬಿಲ್ಲೆಗಳ ಕೂಟ: ಮೂರು ಪಂಗಡಗಳ ಒಂದು, ಒಂಬತ್ತುಗಳು, ನಾಲ್ಕು ದಿಕ್ಕು, ಬಿಳಿ ಹಸಿರು ಕೆಂಪು ಎಂಬ ಮೂರು ಬಣ್ಣ, ಹೀಗೆ ಹದಿಮೂರು ಒಂಟಿಗಳು, ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಜೋಡಿ. ಅದೊಂದು ಕೈ ಕೂಡಿಬಂದರೆ ನಾಳೆ ಸತ್ತರೂ ಚಿಂತೆಯಿಲ್ಲ ಎಂದು ಸಾಹೇಬರು ಕುಡಿದಾಗಲೆಲ್ಲ ಹೇಳುತ್ತಿದ್ದರು. ಬೇರೊಂದು ಕಾರ್ಖಾನೆಯವನು ಹಿಂದೊಮ್ಮೆ, ಬೇಕೆಂದೇ ಎಂದು ಎಲ್ಲರಿಗೂ ಕಾಣುವ ಹಾಗೆ, ಅವರಿಗೆ ಬೇಕಾದ ಬಿಲ್ಲೆ ಎಸೆದಿದ್ದನಂತೆ, ಎತ್ತಿಕೊಂಡಿದ್ದರೆ ಗೆಲುವು. ತಾನೇನು ಭಿಕ್ಷುಕನೇ ಎಂದು ಸಾಹೇಬರು ಅದನ್ನು ಮುಟ್ಟಲಿಲ್ಲ. ಆ ಕಾರ್ಖಾನೆ ಈಗ ಸೈಕಲ್ ನಿಲ್ಲಿಸುವ ಜಾಗ.

ಮೂರನೇ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ತೊಕುಜಿ ಸಾಹೇಬರ ಕೈಯ ಮೇಲೆ ಕಣ್ಣಿಟ್ಟ. ಸಾಹೇಬರು ಮೊದಲಿನಿಂದಲೂ ಮಧ್ಯದ ಅಂಕಿಗಳನ್ನೇ ಎಸೆಯುತ್ತಿದ್ದರು. ಅವರು ಬಿಯರು ಮುಟ್ಟುವುದನ್ನು ಬಿಟ್ಟಿದ್ದರು. ಕೊನೆಗೆ ಹೆಚ್ಚಾದ ಒಂದು ಪೂರ್ವ ದಿಕ್ಕನ್ನೂ ಎಸೆದು, ಬಿಲ್ಲೆಗಳ ಸಾಲನ್ನು ಎರಡು ಬೆರಳಿಂದ ಮೆಲ್ಲಗೆ ನೇರ ಮಾಡಿಕೊಂಡರು. ಕೈ ಸಿದ್ಧವಾಗಿದೆ, ಒಂದೇ ಒಂದಕ್ಕೆ ಕಾಯುತ್ತಿದ್ದಾರೆ.

ಅದು ಯಾವುದೆಂದು ತೊಕುಜಿಗೆ ಗೊತ್ತಿತ್ತು. ಮೇಜಿನ ಮೇಲೆ ಒಮ್ಮೆಯೂ ಕಾಣದ್ದು ಒಂದೇ, ಏನೂ ಕೆತ್ತದ ಖಾಲಿ ಬಿಳಿ. ಆಟದಲ್ಲಿರುವ ನಾಲ್ಕು ಬಿಳಿಗಳಲ್ಲಿ ಮೂರು ಅವನ ಕೈಯಲ್ಲೇ ಇದ್ದವು.

ಒಂದನ್ನು ಎಸೆದರೆ ಆಯಿತು. ಆದರೆ ಎದುರಿಗೆ ಕೊಕುಶಿ ವಾಸನೆ ಹೊಡೆಯುತ್ತಿರುವಾಗ ಬಿಳಿ ಎಸೆಯುವ ಆಟಗಾರ ಒಸಾಕಾದಲ್ಲಿ ಹುಟ್ಟಿಲ್ಲ. ಯಜಮಾನ ಮೇಜಿನ ಕೆಳಗೆ ಅವನ ಕಾಲು ತುಳಿಯುತ್ತಿದ್ದ. ಬಾಯಲ್ಲಿ ಮಾತ್ರ ಈ ವರ್ಷ ಉದೋನಿನ ಸಾರು ತೆಳ್ಳಗಾಗಿದೆ ಎಂಬ ಪುರಾಣ.

ತೊಕುಜಿ ಮೇಜಿನ ಮೇಲೆ ಗೋಡೆಯಂತೆ ಕವುಚಿ ಜೋಡಿಸಿದ ಸಾಲಿನಿಂದ ಮುಂದಿನ ಬಿಲ್ಲೆ ಎಳೆದ. ತಿರುಗಿಸಿ ನೋಡುವ ಮೊದಲೇ ಹೆಬ್ಬೆರಳು ಅದರ ಮುಖ ಸವರಿತು. ಗೀರಿಲ್ಲ, ಗುಳಿಯಿಲ್ಲ. ಬರಿ ನುಣುಪು. ಪಟ್ಟಿ ಬಿಚ್ಚಿದ ದಿನ ಸುಮಿಯೆಯ ಗೆಣ್ಣುಗಳ ಮೇಲೆ ಕಂಡ ಹೊಸ ಚರ್ಮದಂಥ ನುಣುಪು. ನಾಲ್ಕನೇ ಬಿಳಿ.

ಆಗ ಅವನಿಗೆ ದಾರಿ ಕಂಡಿತು. ಒಂದೇ ಬಗೆಯ ನಾಲ್ಕು ಕೈಸೇರಿದರೆ ಕಾನ್ ಎಂದು ಕೂಗಿ ಅವನ್ನು ಮೇಜಿನ ಮೇಲೆ ಕಟ್ಟಿಡಬಹುದು. ಅದು ಮುಚ್ಚಿದ ನಾಲ್ಕು, ಬೀಗ ಹಾಕಿದ ಪೆಟ್ಟಿಗೆ. ಅದರಿಂದ ಯಾರೂ ಬಿಲ್ಲೆ ಕಸಿಯುವಂತಿಲ್ಲ. ಕಸಿಯಬಲ್ಲ ಕೈ ಇಡೀ ಆಟದಲ್ಲಿ ಒಂದೇ, ಕೊಕುಶಿ. ಬೀಗವನ್ನು ನಂಬಿದ ಆಸೆಬುರುಕನ ಹಾಗೆ ನಾಲ್ಕನ್ನೂ ಕಟ್ಟಿದರೆ ಭಿಕ್ಷೆ ಎಂದು ಯಾರೂ ಹೇಳಲಾರರು. ಸಾಹೇಬರು ದರೋಡೆ ಮಾಡಿದ ಹಾಗೆ ಗೆಲ್ಲುತ್ತಾರೆ. ಇಷ್ಟು ಚೆಂದದ ಸೋಲನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ.

"ಕಾನ್," ಎಂದು ಕೂಗಿ ನಾಲ್ಕು ಬಿಳಿಗಳನ್ನೂ ಮೇಜಿನ ಮೇಲಿಟ್ಟ.

ಸಾಹೇಬರ ಮುಖ ಮಗುವಿನದಾಯಿತು. ಕೈ ಅರ್ಧ ಮೇಲೆದ್ದಿತು. ನಿಶಿವಾಕಿ ಬಗ್ಗಿ ಅವರ ಬಿಲ್ಲೆ ನೋಡಿ ಉಸಿರೆಳೆದುಕೊಂಡ. ಆಮೇಲೆ ಆ ಕೈ ಮೆಲ್ಲಗೆ ಕೆಳಗಿಳಿಯಿತು.

"ನಮ್ಮ ಕಂಪನೀಲಿ ಮುಚ್ಚಿದ ನಾಲ್ಕರಿಂದ ತಗೊಳಲ್ಲ," ಎಂದರು ಸಾಹೇಬರು.

ಇದು ಮನೆಗೊಂದು ಪದ್ಧತಿಯ ಆಟ. ಕೂರುವ ಮೊದಲೇ ಕೇಳಿಕೊಳ್ಳಬೇಕಿತ್ತು. ಬಿಯರಿನ ಬಗ್ಗೆ ಕೇಳಿದ್ದರು, ಕೂರುವ ದಿಂಬಿನ ಬಗ್ಗೆ ಕೇಳಿದ್ದರು, ಇದನ್ನು ಮಾತ್ರ ಕೇಳಿರಲಿಲ್ಲ.

ಯಜಮಾನ ಎದ್ದೇ ನಿಂತ. ಇಲ್ಲಿ ನಡೆಯುತ್ತದೆ, ಫುಸೆಯಲ್ಲೆಲ್ಲ ನಡೆಯುತ್ತದೆ, ಬೇಕಾದರೆ ಕೆಳಗಿನಿಂದ ಮಾಲೀಕನನ್ನೇ ಕರೆಸುತ್ತೇನೆ ಎಂದು ಬಡಬಡಿಸಿದ. "ದಯವಿಟ್ಟು ತಗೊಳ್ಳಿ ಸಾಹೇಬ್ರೇ. ನಮ್ಮ ತೊಕು ನಿಮಗೋಸ್ಕರಾನೇ..." ಎಂದವನು ನಾಲಿಗೆ ಕಚ್ಚಿಕೊಂಡ.

ಸಾಹೇಬರು ತೊಕುಜಿಯತ್ತ ತಿರುಗಿದರು. ನಾಲ್ಕೂ ಬಿಳಿ ಇವನ ಮುಂದೆ ಸತ್ತು ಬಿದ್ದಿವೆ, ಐದನೆಯದು ಲೋಕದಲ್ಲೇ ಇಲ್ಲ. ಅವರ ಇಪ್ಪತ್ತು ವರ್ಷದ ಹಂಬಲವನ್ನು ಕೊಡಲು ಹೋಗಿ ಕೊಂದವನು ಈ ಮೇಸ್ತ್ರಿ.

"ನಿಯಮ ಅಂದ್ರೆ ನಿಯಮ ಕಣಯ್ಯಾ. ನನಗೆ ಅನುಕೂಲ ಅಂತ ಮುರಿದ್ರೆ ನಾನೆಂಥ ಮನುಷ್ಯ?"

ತೊಕುಜಿಯ ಕಿವಿಯಲ್ಲಿ ಪ್ರೆಸ್ಸು ಬಿದ್ದ ಸದ್ದಾಯಿತು. ಸೋಲಲು ಬಂದವನ ಬಾಯಿ ತಾನಾಗಿ ತೆರೆಯಿತು.

"ಪ್ರೆಸ್ಸಿಗೂ ಒಂದು ನಿಯಮ ಇದೆ ಸಾಹೇಬ್ರೇ. ಜಾಲರಿ ಇಲ್ದೆ ಓಡಿಸಬಾರದು ಅಂತ. ಸರ್ಕಾರದ್ದೇ ನಿಯಮ."

"ಹಾಗಾದ್ರೆ ಹಾಕ್ಕೊಳ್ಳಿ. ಬೇಡ ಅಂದೋರು ಯಾರು?"

"ನಿಮ್ಮ ಗಡುವು."

"ನಾವು ತಾರೀಖು ಮಾತ್ರ ಬರೀತೀವಪ್ಪ. ಬೆರಳು ಕೊಡಿ ಅಂತ ಎಲ್ಲಿ ಬರೆದಿದ್ದೀವಿ?"

ನಿಶಿವಾಕಿ ನಗಬೇಕೋ ಬೇಡವೋ ತಿಳಿಯದೆ ಬಿಯರು ಬಗ್ಗಿಸಿದ. ಬಿಲ್ಲೆಯನ್ನು ಕಸಿಯದ ಸಜ್ಜನ ಈ ಸಾಹೇಬ! ಅಂಗೈಯಗಲದ ಮೇಜಿನ ಮೇಲೆ ಧರ್ಮರಾಯ. ಮೇಜಿನಾಚೆ ಕೈ ಹೋಗಲಿ, ಕಾಲು ಹೋಗಲಿ, ಇವನು ಬರೆದದ್ದು ಬರಿ ತಾರೀಖು.

ಕಾನ್ ಕೂಗಿದವನು ಇನ್ನೊಂದು ಬಿಲ್ಲೆ ಎಳೆಯಬೇಕು. ಆಡು ಮಾರಾಯ, ಎಳೆದು ಆಡು ಎಂದು ಯಜಮಾನ ಪಿಸುಗುಟ್ಟಿದ. ತೊಕುಜಿ ಎಳೆಯಲಿಲ್ಲ. ನಡು ಆಟದಲ್ಲಿ ಎದ್ದು, ಎಲ್ಲರಿಗೂ ತಲೆಬಾಗಿ, ಮೆಟ್ಟಿಲಿಳಿದ. ಅಂಥ ಕೆಲಸವನ್ನು ಅವನು ಬದುಕಿನಲ್ಲಿ ಮಾಡಿರಲಿಲ್ಲ.

ಕಾರ್ಖಾನೆಯ ಬೀಗದ ಕೈ ಅವನ ಹತ್ತಿರವೇ ಇತ್ತು. ಜಾಲರಿಗಳು ಕಕ್ಕಸಿನ ಹಿಂದೆ ತುಕ್ಕು ಹಿಡಿದು ಒರಗಿದ್ದವು. ಒಂದನೇ ಪ್ರೆಸ್ಸಿಗೆ ಕಟ್ಟಿದ, ಎರಡನೆಯದಕ್ಕೆ ಕಟ್ಟಿದ. ಮೂರನೆಯದರ ಬೋಲ್ಟು ಬಿಗಿಯುತ್ತಿದ್ದಾಗ ಹಿಂದೆ ಇನ್ನೊಂದು ಸ್ಪ್ಯಾನರು ಕಿರುಗುಟ್ಟಿದ್ದು ಕೇಳಿಸಿತು.

ಇನೊಕುಮಾ. ಒಳ್ಳೆಯ ಕೋಟನ್ನೂ ಕಳಚದೆ ಮಂಡಿಯೂರಿ ಒಂದನೇ ಪ್ರೆಸ್ಸಿನ ಜಾಲರಿ ಬಿಚ್ಚುತ್ತಿದ್ದ. ಮುಖವೆಲ್ಲ ನೀರು.

"ನಾಳೆ ಸರಕು ಹೋಗ್ಲಿಲ್ಲ ಅಂದ್ರೆ ಮುಗೀತು ಅಂದುಬಿಟ್ಟ ಕಣೋ ತೊಕು ಆ ಹಾಮುರೊ. ಎಲ್ಲರ ಒಲೆ ಆರಿಹೋಗುತ್ತೆ. ನಿನ್ನದೂ."

"ಆರ್ಲಿ ಯಜಮಾನ್ರೇ."

"ತಮಿಯೊಗೆ ನಾನೇ ಹೇಳ್ತೀನಿ, ಜೋಪಾನವಾಗಿ ಮಾಡಮ್ಮಾ ಅಂತ."

"ಸುಮಿಯೆಗೂ ನೀವೇ ಹೇಳಿದ್ರಿ."

ಇನೊಕುಮಾ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಇವನು ಅತ್ತ ಬಿಗಿದದ್ದನ್ನು ಅವನು ಇತ್ತ ಸಡಿಲಿಸುತ್ತಾ ಬರುತ್ತಿದ್ದ. ಇಬ್ಬರೂ ಒಂದೇ ಮೇಜಿನಲ್ಲಿ ಸೋತು ಬಂದವರು. ಬೆಳಗಾಗುವವರೆಗೆ ಹೀಗೆಯೇ ನಡೆದೀತು ಎನ್ನಿಸಿತು ತೊಕುಜಿಗೆ.

ಅವನು ಸ್ಪ್ಯಾನರನ್ನು ಕೆಳಗಿಟ್ಟು ಸುತ್ತಿಗೆ ತೆಗೆದುಕೊಂಡ. ಯಜಮಾನನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಂದನೇ ಪ್ರೆಸ್ಸಿನ ಬೋಲ್ಟುಗಳನ್ನು ಮತ್ತೆ ಬಿಗಿದ. ಆಮೇಲೆ ಅವುಗಳ ತಲೆಯ ಮೇಲೆ ಹೊಡೆದ. ಆರು ಮೂಲೆಯೂ ಜಜ್ಜಿ, ಯಾವ ಸ್ಪ್ಯಾನರೂ ಹಿಡಿಯದ ಹಾಗೆ ದುಂಡಗಾಗುವವರೆಗೆ ಹೊಡೆದ.

"ನಮ್ಮನ್ನ ಕೊಂದೆಯಲ್ಲೋ," ಎಂದ ಇನೊಕುಮಾ.

ತೊಕುಜಿ ಹೂಂ ಎಂದ. ಹೆಬ್ಬೆರಳಿಂದ ಬೋಲ್ಟಿನ ತಲೆ ಸವರಿ ನೋಡಿದ. ಇನ್ನೂ ಒಂದು ಮೂಲೆ ಉಳಿದಿತ್ತು. ಮತ್ತೆ ಸುತ್ತಿಗೆ ಎತ್ತಿದ.