ಅಂಗೈಯ ಅರಿಷಿಣ

ಕನ್ನಡ ನಾಡು ಒಂದಾದ ದಿನ. ದತ್ತಾತ್ರಿ ಮಾಸ್ತರರು ತೀರಿಹೋದ ತಂದೆಯ ಮೂವತ್ತು ವರ್ಷದ ಮೋಟಾರಿನಲ್ಲಿ ತಾಯಿ ಯಮುನಾಬಾಯಿ, ಹೆಂಡತಿ ತಾರಾಬಾಯಿಯನ್ನು ಕೂರಿಸಿಕೊಂಡು ಮುಂಡರಗಿಯಿಂದ ಗದಗಿನ ಮೆರವಣಿಗೆಗೆ ಹೊರಟಿದ್ದರು. ಡಂಬಳದ ಹೆಂಗಸರು ಗಾಡಿ ನಿಲ್ಲಿಸಿ ತಾರಾಬಾಯಿಗೆ ಕುಂಕುಮ ಹಚ್ಚಿ, ಅರಿಷಿಣದ ಪೊಟ್ಟಣ ಕೊಟ್ಟರು. ವಿಧವೆ ಯಮುನಾಬಾಯಿಯನ್ನು ಕಂಡೂ ಕಾಣದಂತೆ ದಾಟಿದರು. ಮಾಸ್ತರರಿಗೆ ಮೈ ಉರಿಯಿತು.

ಊರು ದಾಟುತ್ತಲೇ ರೇಡಿಯೇಟರ್ ಸೋರತೊಡಗಿತು. ಹೊಸದು ತರಿಸಲು ಮಾಸ್ತರಿಕೆಯ ಪಗಾರ ಎಲ್ಲಿ ಸಾಲಬೇಕು? ಅದರ ನೀರಿಗೆ ಅರಿಷಿಣ ಹಾಕಿ ಸೋರಿಕೆ ಕಟ್ಟುವುದು ತಂದೆಯ ಕಾಲದ ರೂಢಿ. ತಾರಾಬಾಯಿ ಪೊಟ್ಟಣ ಬಿಚ್ಚಿದಳು.

"ಇಲ್ಲಿ ಕೊಡು, ತಾರಾ. ಅವರಿದ್ದಾಗ ಈ ಕೆಲಸ ನಂದೇ ಇತ್ತು," ಎಂದು ಯಮುನಾಬಾಯಿ ಕೈ ಚಾಚಿದರು.

ಅರಿಷಿಣವನ್ನು ಅಂಗೈಗೆ ಸುರಿದುಕೊಂಡು ನೀರಿಗೆ ಹಾಕಿದರು. ಸೋರುವುದು ನಿಂತಿತು. ಮಾಸ್ತರರು ತಾಯಿಗೆ ಕೈ ತೊಳೆಯಲು ತಂಬಿಗೆ ತಂದರು.

"ನೀರು ಗಾಡಿಗೆ ಇರ್ಲಿ," ಎಂದ ಯಮುನಾಬಾಯಿ, ಹಳದಿ ಅಂಗೈಯನ್ನು ಮೆಲ್ಲಗೆ ಮಡಚಿಕೊಂಡು ಒಳಗೆ ಕೂತರು.