ಯಾರು ಬಂತು

ಶನಿವಾರ ಮಧ್ಯಾಹ್ನ, ಪರದೇಶದಲ್ಲಿ ನಾವು ನೆಲೆಸಿದ ಪಾಪಕುರಾದಲ್ಲಿ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಲಿನ್ ಆಂಟಿ ಮಕ್ಕಳಿಗೆ ಹಳೆಯ ಚೀನೀ ಪದ್ಯ ಹೇಳಿಕೊಡುತ್ತಾರೆ. ಹೇಳಿಕೊಡುತ್ತಾರೆ ಅನ್ನುವುದು ತಪ್ಪು. ಬರೀ ಪ್ರಶ್ನೆ ಕೇಳುತ್ತಾರೆ. ನನ್ನ ಮಗಳು ಹರ್ಷಿಣಿ ಗೆಳತಿಯ ಹಿಂದೆ ಹೋಗಿ ಅಲ್ಲಿ ಸೇರಿಕೊಂಡಳು. ನಾನು ಯಾವಾಗಲೂ ಹೊರಗೆ ನನ್ನ ಪಿಕಪ್ ಗಾಡಿಯಲ್ಲಿ, ಇಲ್ಲಿಯವರು ಅನ್ನುವ ಯೂಟ್‌ನಲ್ಲಿ ಕೂತು ಕಾಯುವವನು. ಆ ದಿನ ಯೂಟ್‌ನ ಕಿಟಕಿ ಗಾಜು ಮೇಲೇರದೆ ಮಳೆ ಸೀಟಿಗೇ ಹೊಡೆಯುತ್ತಿತ್ತು. ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನ ಗಾಡಿಯ ಗತಿ ಅದು. ಬೈದುಕೊಂಡು ಒಳಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಬೆಳಿಗ್ಗೆಯಿಂದಲೂ ತಲೆ ಕೆಟ್ಟಿತ್ತು. ಹೆಂಡತಿ ಸ್ಮೃತಿ ಕೆಲಸ ಸಿಕ್ಕಿತೆಂದು ಚಳಿಗಾಲಕ್ಕೆ ಮೊದಲೇ ಎಂಟು ಗಂಟೆ ದಾರಿಯ ಜಾನ್ಸನ್‌ವಿಲ್‌ಗೆ ಹೋಗಿದ್ದಳು. ಈಗ ಆ ಕೆಲಸ ಕಾಯಂ ಆಗುವುದರಲ್ಲಿತ್ತು. ಮೆಕ್ಯಾನಿಕ್‌ಗೆ ಎಲ್ಲಿ ಕೆಲಸವಿಲ್ಲ, ನೀವಿಬ್ಬರೂ ಬಂದುಬಿಡಿ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದಳು. ಬರಲ್ಲ ಅಂದೆ. ನೀನೇ ವಾಪಸ್ ಬಾ ಅಂದೆ. ಸೋಮವಾರ ಅವಳು ಆಫೀಸಿಗೆ ಉತ್ತರ ಕೊಡಬೇಕು. ಅವಳು ಹೂಂ ಅಂದು ನಾನು ಇಲ್ಲೇ ಉಳಿದರೆ ನಮ್ಮದು ಎರಡು ಮನೆ. ಮಗಳು ರಜೆಗೆ ಅತ್ತಿತ್ತ ಓಡಾಡುವವಳಾಗುತ್ತಾಳೆ.

ಬೋರ್ಡಿನ ಮೇಲೆ ನಾಲ್ಕು ಸಾಲು ಚೀನೀ ಅಕ್ಷರಗಳಿದ್ದವು. ಲಿನ್ ಆಂಟಿ ಒಂದೊಂದೇ ಪದವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಹೊಳೆ, ಮಳೆ, ನಿಲ್ಲು. ಬಾಗಿಲು, ತೆರೆ. ಬಟ್ಟಲು, ಎರಡು. ಸಂಜೆ, ಬರು. ಅಷ್ಟೇ, ಮುಗಿಯಿತು. ಇದೆಂಥ ಪದ್ಯ ಅನ್ನಿಸಿತು.

ಆಮೇಲೆ ಅವರು ಮೆಲ್ಲಗೆ ಕೇಳತೊಡಗಿದರು. ಬಟ್ಟಲಲ್ಲಿ ಚಹಾ ಇದೆಯೇ? ಇದ್ದರೆ ಬಿಸಿಯಿದೆಯೇ? ಮಳೆ ನಿಂತಿದ್ದು ಕಂಡಿತೋ, ಕಿವಿಗೆ ಗೊತ್ತಾಯಿತೋ? ಯಾವ ಮಗು ಏನೇ ಹೇಳಲಿ, ತಪ್ಪು ಅನ್ನಲಿಲ್ಲ, ಸರಿ ಅನ್ನಲಿಲ್ಲ. ಯಾವ ಪದ ನೋಡಿ ಹಾಗೆ ಅಂದೆ ಎಂದು ಮತ್ತೆ ಕೇಳಿದರು. ಮಕ್ಕಳು ಕಣ್ಣು ಮುಚ್ಚಿ ಯೋಚಿಸುತ್ತಿದ್ದರು. ಒದ್ದೆ ಕೋಟುಗಳ ವಾಸನೆ, ಗಾಜಿನ ಮೇಲೆ ಆವಿ. ನನಗೂ ಜೊಂಪು ಹತ್ತಿದಂತಾಯಿತು. ಆ ಕೋಣೆಯ ನಡುವೆ ಹೊಳೆಯೊಂದು ಸದ್ದಿಲ್ಲದೆ ಹರಿದು, ಕುರ್ಚಿಗಳ ಕಾಲು ಮುಟ್ಟಿ ಹೋದ ಹಾಗೆ.

ಕೊನೆಯ ಸಾಲನ್ನು ಅವರವರ ಮನೆಮಾತಿನಲ್ಲಿ ಹೇಳಬೇಕೆಂದಾಗ ಹರ್ಷಿಣಿ ನನ್ನ ಕಡೆ ತಿರುಗಿದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ.

"ಅಪ್ಪ, ಕೇಮ್ ಅಂದ್ರೆ ಕನ್ನಡದಲ್ಲಿ ಏನು?"

"ಯಾರು ಬಂದಿದ್ದು?"

"ಇಟ್ ಡಸಂಟ್ ಸೇ."

"ಹೇಳ್ದೆ ಇದ್ರೆ ಹೆಂಗವ್ವ? ಗಂಡಸಾದ್ರೆ ಬಂದ, ಹೆಂಗಸಾದ್ರೆ ಬಂದ್ಳು, ನಾನಾದ್ರೆ ಬಂದೆ. ಯಾರೂ ಇಲ್ದೆ ಸುಮ್ಕೆ ಬರಕ್ಕಾಗಲ್ಲ ನಮ್ಮ ಭಾಷೇಲಿ."

ದನಿ ಏರಿತ್ತು. ಮಕ್ಕಳೆಲ್ಲ ತಿರುಗಿ ನೋಡಿದರು. ಏನು ತೊಂದರೆ ಎಂದು ಲಿನ್ ಆಂಟಿ ಕೇಳಿದರು. ನಿಮ್ಮ ಕವಿ ಅರ್ಧಕ್ಕೇ ಎದ್ದು ಹೋಗಿದ್ದಾನೆ ಅಂದೆ. ಅವರಿಗೆ ಬೇಜಾರಾಗಲಿಲ್ಲ. ಯಾರೆಂದು ಇನ್ನೂ ಗೊತ್ತಿಲ್ಲದ ಬರುವಿಕೆ ನಿಮ್ಮ ಭಾಷೆಯಲ್ಲಿ ಇರುವುದೇ ಇಲ್ಲವೇ ಎಂದು ಕೇಳಿದರು.

ಇಲ್ಲ ಅನ್ನಲು ಬಾಯಿ ತೆರೆದೆ. ಬಾಯಿಗೆ ಬಂದದ್ದು ಬೇರೆ.

"ಬಂತು."

ಮಳೆ ಬಂತು. ಬೆಕ್ಕು ಬಂತು. ರೈಲು ಬಂತು. ಮಂಡ್ಯದ ನಮ್ಮ ಊರಿನಲ್ಲಿ ಅವ್ವನೂ ಬಂತು. ಸಂಜೆ ಗದ್ದೆಯಿಂದ ತಲೆಹೊರೆ ಹೊತ್ತು ಬರುವಾಗ ದೂರದಲ್ಲಿ ಅದು ಹುಲ್ಲೋ ನೆರಳೋ ಅವ್ವನೋ ತಿಳಿಯುತ್ತಿರಲಿಲ್ಲ. ಬಂತು ಬಂತು ಎಂದು ಕುಣಿಯುತ್ತಿದ್ದೆವು. ಸ್ಮೃತಿ ಮೈಸೂರಿನವಳು. ಮದುವೆಯಾದ ಹೊಸದರಲ್ಲಿ ನಾನು ಅವ್ವ ಬಂತು ಅಂದಾಗ, ಅಮ್ಮ ಏನು ಎಮ್ಮೇನಾ, ಬಂದರು ಅನ್ನಬೇಕು ಎಂದು ನಕ್ಕಿದ್ದಳು. ಅಂದಿನಿಂದ ಆ ಮಾತು ನನ್ನ ಬಾಯಲ್ಲಿ ಸತ್ತೇ ಹೋಗಿತ್ತು.

"ಬಂತು," ಅಂದಳು ಹರ್ಷಿಣಿ. ಮತ್ತೊಮ್ಮೆ ಅಂದಳು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವಳಂತೆ.

ಲಿನ್ ಆಂಟಿ ನನ್ನನ್ನೇ ಕೇಳಿದರು. ನೀವು ಬಾಗಿಲ ಒಳಗಿದ್ದೀರೋ, ಹೊರಗೋ? ಒಳಗೆ ಅಂದೆ. ಬಟ್ಟಲಿಟ್ಟವನು ನಾನು, ಬರಬೇಕಾದವರು ಬರಲಿ. ಯಾವ ಪದ ನೋಡಿ ಹಾಗೆ ಅಂದಿರಿ? ಬೋರ್ಡು ನೋಡಿದೆ. ಅಂಥ ಪದ ಅಲ್ಲಿ ಇರಲಿಲ್ಲ.

ಹರ್ಷಿಣಿ ಅಷ್ಟರಲ್ಲಿ ಎದ್ದು ಬಂದು ನನ್ನ ಪಕ್ಕ ನಿಂತಿದ್ದಳು.

"ನಾವು ಔಟ್‌ಸೈಡ್ ಇದೀವಿ ಅಪ್ಪ. ಅಮ್ಮ ಒಳಗೆ ಕೂತಿದೆ. ಬಂತು ಅಂತ ಹೇಳೋದು ಅಮ್ಮ."

ಅವಳು ಇಷ್ಟು ಉದ್ದ ಕನ್ನಡ ಆಡಿದ್ದನ್ನು ನಾನು ಕೇಳಿರಲಿಲ್ಲ. ಕಿಟಕಿಯ ಆವಿಯ ಆಚೆ ಬೆಳಕು ಬಿಳುಪೇರುತ್ತಿತ್ತು. ನಾನೂ ಕಣ್ಣು ಮುಚ್ಚಿದೆ. ತೆರೆದ ಬಾಗಿಲು, ಒಳಗೆ ಮೇಜಿನ ಮುಂದೆ ಸ್ಮೃತಿಯ ನೀಲಿ ಸ್ವೆಟರಿನ ಬೆನ್ನು. ನಾನು ಹೊಳೆಯ ಈಚೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ನೀರು ಮೊಣಕಾಲಿಗೂ ಇರಲಿಲ್ಲ.

ಹೊರಗೆ ಬಂದಾಗ ಮಳೆ ನಿಂತಿತ್ತು. ಒದ್ದೆ ಸೀಟಿನ ಮೇಲೆ ಕೂತು ಸ್ಮೃತಿಗೆ ಫೋನ್ ಮಾಡಿದೆ.

"ಏನ್ರೀ, ಮತ್ತೆ ಜಗಳಾನಾ?"

"ಅಲ್ಲಿ ಮಳೆ ನಿಂತದಾ?"

ಅವಳಿಗೆ ಅನುಮಾನ ಬಂತು. ಹುಷಾರಾಗಿದ್ದೀರಾ ಎಂದು ವಿಚಾರಿಸಿದಳು. ಅಲ್ಲಿ ಚಹಾ ಲೋಟ ಎಷ್ಟಿವೆ ಎಂದು ಕೇಳಿದೆ. ಅತ್ತ ಅವಳು ಕಪಾಟು ತೆರೆದ ಸದ್ದು ಕೇಳಿಸಿತು.

"ಒಂದೇ ಇರೋದು," ಅಂದಳು. "ಇನ್ನೆರಡು ತರ್ಲಾ?"

ನಾನು ಬಾಯಿ ಬಿಡುವ ಮೊದಲೇ ಹರ್ಷಿಣಿ ಫೋನಿನತ್ತ ಬಾಗಿದಳು.

"ಅಮ್ಮ, ನಾವು ಬಂತು."

ಸ್ಮೃತಿ ತಿದ್ದಲಿಲ್ಲ.