ಒಂದೇ ಬೆರಳಿನ ಟೈಪಿಂಗ್

ದಾಂಡೇಲಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ನನ್ನ ಜೋಡಿ ಸಹನಾ, ಪೇಪರ್ ಮಿಲ್ಲಿನ ಫಿಟರ್ ಮಹಾಂತಪ್ಪನವರ ಮಗಳು. ಮೊದಲ ದಿನದಿಂದಲೂ ಪ್ರೋಗ್ರಾಂ ಹೇಳುವುದು ಅವಳು, ಟೈಪ್ ಮಾಡುವುದು ನಾನು. ಅವಳ ಮಾತು ಮುಗಿಯುವಷ್ಟರಲ್ಲಿ ನನ್ನ ಬೆರಳು ಕೆಲಸ ಮುಗಿಸಿರುತ್ತಿತ್ತು. ಜೆನಿಫರ್‌ಳಷ್ಟು ಬೇಗ ಟೈಪ್ ಮಾಡುವವರು ಕಾಲೇಜಿನಲ್ಲೇ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಬೀಗುತ್ತಿದ್ದೆ.

ಸೆಕೆಂಡ್ ಪಿಯು ಪ್ರಾಕ್ಟಿಕಲ್ ಪರೀಕ್ಷೆಗೆ ವಾರವಿರುವಾಗ ಲ್ಯಾಬಿನ ಶಿವಯೋಗಿ ಸರ್ ಒಂದೊಂದು ಕಂಪ್ಯೂಟರಿಗೆ ಒಬ್ಬೊಬ್ಬರನ್ನೇ ಕೂರಿಸಿ ಮಾದರಿ ಪರೀಕ್ಷೆ ಮಾಡಿದರು. ನನ್ನ ಕೈ ಕೀಬೋರ್ಡಿನ ಮೇಲೆ ಸಿದ್ಧವಾಗಿತ್ತು. ಏನು ಒತ್ತಬೇಕೆಂದು ಮಾತ್ರ ಹೊಳೆಯಲಿಲ್ಲ. ಅತ್ತ ಸಹನಾ ಕೋಲನ್ ಕೀ ಎಲ್ಲಿದೆ ಎಂದು ಹುಡುಕುತ್ತ ಕೂತಿದ್ದಳು. ಇಬ್ಬರಿಗೂ ಸೊನ್ನೆ.

ನಾನು ಫೇಲಾಗುವ ಹಾಗಿರಲಿಲ್ಲ. ಸಾಂಬ್ರಾಣಿ ಕಡೆಯ ನಮ್ಮ ಸಿದ್ದಿ ಕೇರಿಯಿಂದ ಸೈನ್ಸ್ ತೆಗೆದುಕೊಂಡವಳು ನಾನೊಬ್ಬಳೇ. "ನೀ ಪಾಸಾದ್ರ ಮರಿಯಾನೂ ಸೈನ್ಸ್ ಓದ್ಲಿ, ಇಲ್ಲಾಂದ್ರ ಬ್ಯಾಡ" ಎಂದು ಅಪ್ಪ ಖಡಾಖಂಡಿತ ಹೇಳಿದ್ದ. ಮರಿಯಾ ನನ್ನ ತಂಗಿ. ನನ್ನ ಹಳೆಯ ಪುಸ್ತಕಗಳಿಗೆ ಆಗಲೇ ರಟ್ಟು ಹಾಕಿ ಇಟ್ಟುಕೊಂಡಿದ್ದಳು.

"ಇನ್ನ ನಾ ಹೇಳ್ತೇನಿ, ನೀ ಒತ್ತು" ಎಂದೆ ಸಹನಾಗೆ. "ನಾ ತಪ್ಪ ಹೇಳಿದ್ರ ತಪ್ಪನ ಒತ್ತಬೇಕು. ಬಾಯಿ ಬಿಡಬ್ಯಾಡ."

"ಗೊತ್ತಿದ್ದೂ ಸುಮ್ಮನ ಹೆಂಗ ಕುಂದರ್ಲಿ?"

"ಪರೀಕ್ಷಾದಾಗ ನೀ ನನ್ನ ಬಾಜೂ ಇರ್ತೀ ಏನು?"

ಅವಳು ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ನಾನು ತಪ್ಪು ಹೇಳಿದಾಗ ವೇಲು ಕಚ್ಚಿಕೊಂಡು ತಪ್ಪನ್ನೇ ಒತ್ತುತ್ತಿದ್ದಳು. ಪರದೆಯ ಮೇಲೆ ಕೆಂಪಕ್ಷರ ಬರುತ್ತಿತ್ತು. ನಾಲ್ಕು ದಿನ ಕಳೆದರೂ ಒಂದು ಪ್ರೋಗ್ರಾಮೂ ದಡ ಸೇರಲಿಲ್ಲ. ನನ್ನ ತಾಳ್ಮೆ ಕೆಟ್ಟಿತು.

"ಅಕ್ಷರಕ್ಕೊಂದು ತಾಸ ಹಚ್ಚತೀಯಲ್ಲ, ಬೆರಳಿಗೆ ಜಡ್ಡ ಬಂದೈತೇನು?"

ಅವಳ ಕಣ್ಣು ತುಂಬಿತು. "ನಾ ಹುಡುಕೂತನಕ ನೀ ವಿಚಾರ ಮಾಡು. ಅದಕ್ಕರ ಬುದ್ಧಿ ಬೇಕಲ್ಲ?" ಎಂದವಳೇ ಬ್ಯಾಗು ಹಿಡಿದು ಹೋಗಿಬಿಟ್ಟಳು.

ಮರುದಿನ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಮುಖ ನೋಡದೆ ಬೆರಳು ಮುಂದೆ ಚಾಚಿ ಕೂತಳು. ನಾನೂ ಸಿಟ್ಟು ನುಂಗಿ, ಅವಳ ಬೆರಳು ಅಲೆಯುವಾಗ ಮುಂದಿನ ಸಾಲು ಯಾಕೆ ಬೇಕು ಎಂದು ಕೇಳಿಕೊಳ್ಳುತ್ತ ಹೋದೆ. ಆ ದಿನ ಒಂದು ಪ್ರೋಗ್ರಾಂ ಸರಿಯಾಗಿ ಓಡಿತು. ಒಂದೇ ಒಂದು.

ಪರೀಕ್ಷೆಯ ದಿನ ಬೇರೆ ಊರಿನಿಂದ ವಿದ್ಯಾವತಿ ಮೇಡಂ ಪರೀಕ್ಷಕರಾಗಿ ಬಂದಿದ್ದರು. ನನಗೆ ಬಂದದ್ದು ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಂ. ಬಾಯಿಪಾಠವಿದ್ದದ್ದನ್ನು ಕಾಗದದ ಮೇಲೆ ಬರೆದೆ, ಕಣ್ಣು ಮಿಟುಕಿಸುವುದರೊಳಗೆ ಟೈಪ್ ಮಾಡಿ ಓಡಿಸಿದೆ. ಎಲ್ಲ ಅಂಕಿಗಳೂ ಸಾಲಾಗಿ ನಿಂತವು, ಕೊನೆಯದೊಂದು ಮಾತ್ರ ಇದ್ದಲ್ಲೇ ಕೂತಿತ್ತು. ಅಳಿಸಿ ಮತ್ತೆ ಹಾಗೆಯೇ ಟೈಪ್ ಮಾಡಿದೆ. ಮತ್ತೆ ಅದೇ ಹಟ.

ಸಹನಾ ದೂರದ ಟೇಬಲ್ಲಿನಲ್ಲಿದ್ದಳು. ಒಬ್ಬೊಬ್ಬರೇ ಮುಗಿಸಿ ಏಳುತ್ತಿದ್ದರು. ಮರಿಯಾಳ ರಟ್ಟು ಹಾಕಿದ ಪುಸ್ತಕಗಳು ನೆನಪಾಗಿ ಅಳು ಬಂತು.

ಎಲ್ಲ ಅಳಿಸಿದೆ. ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಬಲಗೈಯ ಒಂದೇ ಬೆರಳಿನಿಂದ, ಏನೂ ಗೊತ್ತಿಲ್ಲದವಳಂತೆ, ಅಕ್ಷರ ಹುಡುಕಿ ಒತ್ತತೊಡಗಿದೆ. ಪ್ರತಿ ಸಾಲಿಗೂ ಯಾಕೆ ಎಂದು ಕೇಳಿಕೊಂಡೆ. ಅಂಕಿಗಳನ್ನು ಒಂದೊಂದಾಗಿ ಹೋಲಿಸುತ್ತ ಸುತ್ತುವ ಒಳಗಿನ ಲೂಪಿನ ಹತ್ತಿರ ಬೆರಳು ನಿಂತಿತು. ಲೂಪು ಒಂದು ಹೆಜ್ಜೆ ಮೊದಲೇ ನಿಂತುಬಿಡುತ್ತಿತ್ತು, ಕೊನೆಯ ಅಂಕಿಯನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ.

ಅದನ್ನು ತಿದ್ದುವಾಗ ಮೇಡಂ ನನ್ನ ಹಿಂದೆ ಬಂದು ನಿಂತರು. "ಏನವಾ, ಎರಡ ವರ್ಷದಾಗ ಟೈಪ್ ಮಾಡೂದೂ ಕಲಿಲಿಲ್ಲೇನು?"

ಯಾರೋ ಕಿಸಕ್ಕನೆ ನಕ್ಕರು. ಇನ್ನೊಂದು ದಿನವಾಗಿದ್ದರೆ ನಾನು ಉರಿದುಬೀಳುತ್ತಿದ್ದೆ.

"ಈಗ ಕಲಿಯಾಕತ್ತೇನ್ರಿ ಮೇಡಂ" ಎಂದು ಪ್ರೋಗ್ರಾಂ ಓಡಿಸಿದೆ. ಕೊನೆಯ ಅಂಕಿ ತನ್ನ ಜಾಗಕ್ಕೆ ಬಂದು ನಿಂತಿತು. ತಲೆಯೆತ್ತಿದರೆ, ದೂರದ ಟೇಬಲ್ಲಿನಿಂದ ಸಹನಾ ವೇಲು ಕಚ್ಚಿಕೊಂಡು ನನ್ನ ಆ ಒಂದು ಬೆರಳನ್ನೇ ನೋಡುತ್ತಿದ್ದಳು.